ಯಾರ ಹೆಸರಿನ ರಕ್ತ

ಇರಕಲ್ಲಗಡದ ಯಮನೂರ ಬೇರೆಯವರ ಹರಕೆ ತೀರಿಸಿಕೊಡುವ ಮನುಷ್ಯ. ಕಷ್ಟ ಬಂದಾಗ ಹುಲಿಗೆಮ್ಮನಿಗೆ ದೀಡ ನಮಸ್ಕಾರ ಹಾಕುತ್ತೇನೆಂದು ಬಾಯಿ ಬಿಟ್ಟು, ಕಷ್ಟ ಕಳೆದ ಮೇಲೆ ಮೊಣಕಾಲು ಹಿಡಿದುಕೊಂಡು ಕೂತವರು, ಸಕ್ಕರೆ ಕಾಯಿಲೆಯವರು, ಹೊಟ್ಟೆ ಬೆಳೆದವರು, ನೌಕರಿ ಸಿಕ್ಕು ಪ್ಯಾಂಟಿನ ಇಸ್ತ್ರಿಗೆ ಹೆದರುವವರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಮಂಗಳವಾರ, ಇಲ್ಲವೆ ಶುಕ್ರವಾರ, ಹುಲಿಗಿಯಲ್ಲಿ ಹೊಳೆಗೆ ಇಳಿದು ಮುಳುಗಿ ಎದ್ದು ಒದ್ದೆ ಬಟ್ಟೆಯಲ್ಲಿ ಅವನು ತಲೆ ಬಗ್ಗಿಸುತ್ತಿದ್ದ. ಹರಕೆ ಹೊತ್ತವರು ಅವನ ನೆತ್ತಿಯ ಮೇಲೆ ಕೈಯಿಟ್ಟು ತಮ್ಮ ಹೆಸರು ಹೇಳಬೇಕು. ಅಷ್ಟಾದರೆ ಮುಗಿಯಿತು. ಅಲ್ಲಿಂದ ಗುಡಿಯ ಬಾಗಿಲವರೆಗೆ ನೆಲದ ಮೇಲೆ ಉದ್ದಕ್ಕೆ ಬೀಳುವ ಮೈ ಮಾತ್ರ ಯಮನೂರನದು, ಬೀಳುವವನು ಇನ್ನೊಬ್ಬ. ಅವನ ಕೈಬೆರಳು ಮುಟ್ಟಿದಲ್ಲಿ ಹರಕೆಯವರು ಕೋಲಿನಿಂದ ಗೆರೆ ಎಳೆಯುತ್ತಾರೆ. ಅವನು ಎದ್ದು ಗೆರೆಯ ಮೇಲೆ ನಿಂತು ಮತ್ತೆ ಬೀಳುತ್ತಾನೆ. ಬಿಸಿಲಿಗೆ ಬೇಸತ್ತ ಕೆಲವರು ಗೆರೆಯನ್ನು ಒಂದು ಗೇಣು ಮುಂದಕ್ಕೇ ಎಳೆದುಬಿಡುತ್ತಿದ್ದರು. ಯಮನೂರ ಅದನ್ನು ಕಾಲಿನಿಂದ ಅಳಿಸಿ, ಬೆರಳು ಮುಟ್ಟಿದಲ್ಲಿಗೆ ಹಿಂದೆ ಬಂದು ನಿಲ್ಲುತ್ತಿದ್ದ. ಅವನು ಹೆಸರಾದದ್ದು ಈ ಕಾರಣಕ್ಕೆ.

ಬರಬರುತ್ತ ಕಸುಬು ಗುಡಿಯ ಹೊರಗೂ ಬೆಳೆಯಿತು. ರೇಷನ್ ಅಂಗಡಿಯ ಪಾಳಿಯಲ್ಲಿ ನಿಲ್ಲುವುದು, ಗ್ರಾಮಸಭೆಯಲ್ಲಿ ಯಾರದೋ ಬದಲಿಗೆ ಕೈ ಎತ್ತುವುದು, ಮಾತು ಬಿಟ್ಟ ಬೀಗರ ಮನೆಯ ಸಾವಿಗೆ ಹೋಗಿ ಅತ್ತು ಬರುವುದು, ಎಲ್ಲವೂ ಅವನ ಪಾಲಿಗೆ ಬಂದವು. ನಾಯಿ ಕಚ್ಚಿಸಿಕೊಂಡ ಮುದುಕನೊಬ್ಬ ಸೂಜಿಗೆ ಹೆದರಿ ಅವನನ್ನು ಕಳಿಸಿದ್ದೂ ಉಂಟು. ಯಮನೂರ ಮುದುಕನ ಹೆಸರು ಹೇಳಿ ತೋಳಿಗೆ ಚುಚ್ಚಿಸಿಕೊಂಡು ಬಂದ. ಮುದುಕನಿಗೆ ಏನೂ ಆಗಲಿಲ್ಲ. ನಾಯಿಗೂ ಏನೂ ಆಗಲಿಲ್ಲ. ಆಮೇಲೆ ಊರಿನಲ್ಲಿ ಅನುಮಾನ ಪಡುವವರೇ ಉಳಿಯಲಿಲ್ಲ.

ತನ್ನ ಸ್ವಂತ ಹೆಸರಿನಲ್ಲಿ ಅವನು ಮಾಡಿದ್ದು ಒಂದೇ ಒಂದು ಕೆಲಸ. ಅದರಿಂದ ಅವನ ಸಂಸಾರ ಒಡೆಯಿತು.

ಎರಡು ಸಾವಿರದ ನಾಲ್ಕರಲ್ಲಿ ಊರ ಸಾಲೆಯ ಬಯಲಿನಲ್ಲಿ ರಕ್ತದಾನದ ಶಿಬಿರ ನಡೆಯಿತು. ರಕ್ತ ಕೊಟ್ಟವರಿಗೆ ಬಂಗಾರದ ಬಣ್ಣದ ಅಂಚಿನ, ಹೆಸರು ಬರೆದ ಸರ್ಟಿಫಿಕೇಟು. ಯಾರೂ ಅವನ ನೆತ್ತಿ ಮುಟ್ಟಿರಲಿಲ್ಲ, ಯಾರೂ ಕಳಿಸಿರಲಿಲ್ಲ. ಅವನೇ ಹೋಗಿ, "ಯಮನೂರ" ಎಂದು ಹೇಳಿ ತೋಳು ಚಾಚಿದ. ಕೆಲವು ವಾರಗಳಾದ ಮೇಲೆ ಕೊಪ್ಪಳಕ್ಕೆ ಬಾ ಎಂದು ಕರೆ ಬಂತು. ಅಲ್ಲಿ ಒಬ್ಬರು ಬಾಗಿಲು ಮುಚ್ಚಿ, ದನಿ ತಗ್ಗಿಸಿ, ನಿನ್ನ ರಕ್ತದಲ್ಲಿ ಗುಪ್ತರೋಗ ಇದೆಯೆಂದು ಟೆಸ್ಟಿನಲ್ಲಿ ಬಂದಿದೆ, ಖಾತ್ರಿಗೆ ಇನ್ನೊಂದು ಟೆಸ್ಟು ಮಾಡಿಸಬೇಕು, ಹೆಂಡತಿಯನ್ನೂ ಕರೆದುಕೊಂಡು ಬಾ ಎಂದರು. ಹೆಂಡತಿ ಫಕೀರಮ್ಮನ ರಕ್ತದಲ್ಲಿ ಏನೂ ಇರಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಆಕೆ ಕಿಟಕಿಯ ಹೊರಗೆ ನೋಡುತ್ತ ಕೇಳಿದಳು:

"ಯಾರಾಕಿ?"

"ಯಾರೂ ಇಲ್ಲ. ಹುಲಿಗೆಮ್ಮನಾಣಿ."

"ಯಾರದರ ಹೆಸರಿಲೆ ಹೋಗಿದ್ದೇನು ಮತ್ತ?"

ಈ ಪ್ರಶ್ನೆಗೆ ಯಮನೂರ ಕೂಡಲೇ ಉತ್ತರ ಕೊಡಲಿಲ್ಲ. ಅವನು ನಿಜಕ್ಕೂ ನೆನಪು ಮಾಡಿಕೊಳ್ಳತೊಡಗಿದ್ದ. ಅವನು ಸುಮ್ಮನಿದ್ದ ಆ ಒಂದು ಗಳಿಗೆಯೇ ಫಕೀರಮ್ಮನಿಗೆ ಸಾಕಾಯಿತು. ಆ ವಾರವೇ ಯಲಬುರ್ಗಾದ ತವರಿಗೆ ಹೋದವಳು ಬಸ್ ಸ್ಟ್ಯಾಂಡಿನ ಹಿಂದೆ ರೊಟ್ಟಿಯ ಖಾನಾವಳಿ ಹಾಕಿಕೊಂಡು ಅಲ್ಲೇ ಉಳಿದಳು. ಯಮನೂರ ತನಗೆ ಎಲ್ಲಿಂದ ಬಂತೆಂದು ಗೊತ್ತಿಲ್ಲದ ರೋಗಕ್ಕೆ ಕುಂಡೆಗೆ ಇಂಜೆಕ್ಷನ್ ತೆಗೆದುಕೊಂಡ. ಸರ್ಟಿಫಿಕೇಟನ್ನು ಒಲೆಗೆ ಹಾಕಿದ. ಅಲ್ಲಿಂದ ಮುಂದೆ ಎಲ್ಲಿಯೂ ತನ್ನ ಹೆಸರು ಹೇಳಲಿಲ್ಲ.

ಅದಾಗಿ ಎಂಟು ವರ್ಷಕ್ಕೆ ಅವನನ್ನು ವಿರುಪಣ್ಣ ಮನೆಗೆ ಕರೆಸಿದ.

ವಿರುಪಣ್ಣನಿಗೆ ಗಂಗಾವತಿಯ ಕಡೆ ಕಾಲುವೆಯ ನೀರುಣ್ಣುವ ಗದ್ದೆಯಿತ್ತು. ಮಗ ಯಂಕೇಶ ಅಲ್ಲಿಯ ರೈಸ್ ಮಿಲ್ಲಿಗೆ ಭತ್ತ ಸಾಗಿಸುತ್ತಿದ್ದ. ಸುಗ್ಗಿ ಮುಗಿದ ಹೊತ್ತಿಗೆ ಅವನ ಬಲಗಾಲು ಕುಂಬಳಕಾಯಿಯಂತೆ ಬಾತುಕೊಂಡಿತು. ಕೊಪ್ಪಳದ ಡಾಕ್ಟರ್ ವಿಜಯಲಕ್ಷ್ಮಿ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಇಷ್ಟು ಸಣ್ಣ ವಯಸ್ಸಿನವನಿಗೆ ಯಾಕೆ ಹೀಗಾಯಿತೆಂದು ಹುಡುಕಲು ರಕ್ತವನ್ನು ಹುಬ್ಬಳ್ಳಿಯ ಲ್ಯಾಬಿಗೆ ಕಳಿಸಿದರು. ಇವನ ಮೈಯೇ ಇವನ ರಕ್ತದ ಮೇಲೆ ಜಗಳಕ್ಕೆ ನಿಂತಿದೆ, ಅದಕ್ಕೆ ಬೇಕಾದ ಆ್ಯಂಟಿಬಾಡಿಗಳನ್ನು ತಯಾರು ಮಾಡಿಟ್ಟುಕೊಂಡಿದೆ ಎಂದು ಉತ್ತರ ಬಂತು. ಆದರೆ ಜ್ವರ ಬಂದು ಹೋದವರಲ್ಲಿಯೂ ಹೀಗೆ ಕೆಲವು ದಿನ ಕಾಣಿಸಿ ಮಾಯವಾಗುವುದುಂಟು. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ, ಆಗಲೂ ಇದ್ದರೆ ಖರೆ, ಆಗ ಆಯುಷ್ಯಪೂರ್ತಿ ಗುಳಿಗೆ, ಎಂದು ಡಾಕ್ಟರು ಹೇಳಿದರು.

ವಿರುಪಣ್ಣನಿಗೆ ಇದು ಅರ್ಥವಾದದ್ದು ಹೀಗೆ: ಮಗ ಪರೀಕ್ಷೆಯಲ್ಲಿ ಫೇಲಾಗಿದ್ದಾನೆ, ಮೂರು ತಿಂಗಳಿಗೆ ಇನ್ನೊಂದು ಪರೀಕ್ಷೆ ಇದೆ. ಮಗನಿಗೆ ಕುಷ್ಟಗಿಯಲ್ಲಿ ಹೆಣ್ಣು ಗೊತ್ತಾಗಿತ್ತು. ಬೀಗರು, ಎರಡನೆಯದು ಬರಲಿ, ಆಮೇಲೆ ಮಾತಾಡೋಣ ಎಂದಿದ್ದರು.

"ಯಮನೂರಾ, ನಿನಗೇನರ ಜಡ್ಡು ಐತೇನೋ?" ಎಂದು ವಿರುಪಣ್ಣ ಕೇಳಿದ.

"ಇಲ್ರಿ ಧಣ್ಯಾರ. ಎತ್ತಿನಂಗ ಅದೀನಿ. ಎಡಗಾಲು ಒಂದೀಟು ಜಗ್ತತಿ, ತಣ್ಣೀರಾಗ ಬಿದ್ದು ಬಿದ್ದು."

"ಕಾಲಿನ ಕೆಲಸಲ್ಲ ಬಿಡು. ನಮ್ಮ ಯಂಕೇಶನ ಹೆಸರಿಲೆ ಒಂದು ಸಣ್ಣ ಕೆಲಸ ಐತಿ. ಬೀಳೂದಿಲ್ಲ, ಏಳೂದಿಲ್ಲ. ಖುರ್ಚಿ ಮ್ಯಾಲ ಕುಂತು ಮಾಡೂದು."

ಎರಡನೆಯ ಪರೀಕ್ಷೆಗೆ ಯಂಕೇಶನ ಬದಲಿಗೆ ರಕ್ತ ಕೊಡುವ ಕೆಲಸವೆಂದು ಕೇಳಿ ಯಮನೂರ ಹಿಂದೆ ಸರಿದ. ಎಂಟು ವರ್ಷದಿಂದ ಅವನು ಯಾರಿಗೂ ತೋಳು ಚಾಚಿರಲಿಲ್ಲ.

"ರಕ್ತ ಬ್ಯಾಡ್ರಿ ಧಣ್ಯಾರ. ಬ್ಯಾರೆ ಏನರ ಹೇಳ್ರಿ. ಮತ್ತ ಇದು ನಡೀತೈತೇನ್ರಿ?"

"ಹುಲಿಗೆಮ್ಮಗ ನಡೀತೈತಿ, ಹುಬ್ಬಳ್ಳಿ ಲ್ಯಾಬಿಗೆ ನಡಿಯಂಗಿಲ್ಲೇನು? ಲ್ಯಾಬು ಆಕಿಗಿಂತ ದೊಡ್ಡದೇನು?"

ಯಮನೂರ ಒಪ್ಪಿಕೊಂಡ. ನಡೆಯುವುದಿಲ್ಲವೆಂದರೆ ಇಷ್ಟು ವರ್ಷ ಮಾಡಿದ ಕಸುಬೇ ಸುಳ್ಳಾಗುತ್ತಿತ್ತು.

ಕೊಪ್ಪಳದಲ್ಲಿ, ಔಷಧದ ಅಂಗಡಿಯೊಂದರ ಮಾಳಿಗೆಯ ಮೇಲೆ, ಹುಬ್ಬಳ್ಳಿಗೆ ಕಳಿಸುವ ರಕ್ತವನ್ನು ತೆಗೆಯುತ್ತಿದ್ದವನು ಶಫೀಸಾಬ. ಯಮನೂರ ಕುರ್ಚಿಯ ಮೇಲೆ ಕೂತು, ರೂಢಿಯಂತೆ ತಲೆ ಬಗ್ಗಿಸಿದ. ಯಂಕೇಶ ನಾಚುತ್ತ ಅವನ ನೆತ್ತಿಯ ಮೇಲೆ ಕೈಯಿಟ್ಟು ತನ್ನ ಹೆಸರು ಹೇಳಿದ.

"ಏನ್ರೀ ಇದು?" ಎಂದ ಶಫೀಸಾಬ.

"ಸೂಜಿ ಕಂಡ್ರ ಹೆದರ್ತಾನ್ರಿ, ಧೈರ್ಯಾ ಕೊಡಾಕತ್ತೀನಿ," ಎಂದ ಯಂಕೇಶ.

"ಹೆಸರು?"

"ಯಂಕೇಶ," ಎಂದ ಯಮನೂರ. ಸೂಜಿ ಇಳಿಯಿತು. ಯಂಕೇಶನ ಹೆಸರು ಬರೆದ ಗಾಜಿನ ನಳಿಗೆಯಲ್ಲಿ ಕಪ್ಪುಗೆಂಪಿನ ರಕ್ತ ಏರತೊಡಗಿತು. ಯಮನೂರ ಎಂದಿನಂತೆ ತಾನಲ್ಲಿ ಇಲ್ಲವೆಂಬಂತೆ ಕೂತಿದ್ದ.

ರಿಪೋರ್ಟು ಬಂದ ದಿನ ವಿರುಪಣ್ಣ ಇಬ್ಬರನ್ನೂ ಕರೆದುಕೊಂಡು ಡಾಕ್ಟರ ಕೋಣೆಗೆ ಹೋದ. ಪಾಸಾದ ಹುಡುಗನನ್ನು ಫೋಟೋಕ್ಕೆ ನಿಲ್ಲಿಸುವವರಂತೆ ಯಮನೂರನಿಗೆ ಒಗೆದ ಅಂಗಿ ತೊಡಿಸಿದ್ದ. ಡಾಕ್ಟರ್ ವಿಜಯಲಕ್ಷ್ಮಿ ಕಾಗದ ನೋಡಿ ಕನ್ನಡಕ ತೆಗೆದರು.

"ಮೊದಲಿಗಿಂತ ಜಾಸ್ತಿ ಬಂದೈತಿ ಯಂಕೇಶ."

ವಿರುಪಣ್ಣನ ಕುತ್ತಿಗೆ ನಿಧಾನಕ್ಕೆ ಯಮನೂರನ ಕಡೆ ತಿರುಗಿತು. ಯಮನೂರ ಬಾಗಿಲ ಹತ್ತಿರ ಕಿನ್ನಾಳದ ಗೊಂಬೆಯ ಹಾಗೆ ಕಣ್ಣು ಅರಳಿಸಿ ನಿಂತಿದ್ದ.

ಡಾಕ್ಟರು ಯಂಕೇಶನಿಗೆ ತಿಳಿಸಿ ಹೇಳತೊಡಗಿದರು. ಈ ರಕ್ತದ ನಡತೆ ವಿಚಿತ್ರ. ಗಾಜಿನ ನಳಿಗೆಯಲ್ಲಿ ಹಾಕಿ ಹೆಪ್ಪುಗಟ್ಟು ಎಂದರೆ ಬೇರೆಯವರದಕ್ಕಿಂತ ತಡ ಮಾಡುತ್ತದೆ. ಮೈಯೊಳಗೆ, ಹೆಪ್ಪುಗಟ್ಟಬಾರದ ಕಡೆ, ಬೇಗ ಹೆಪ್ಪುಗಟ್ಟುತ್ತದೆ.

"ಹಂಗಾರ ಅದಕ್ಕ ಊರಾಗ ಹೆದರಿಕಿ, ಮನ್ಯಾಗ ಹುಲಿ," ಎಂದ ವಿರುಪಣ್ಣ.

"ಹಂಗೇ ಅನ್ಕೋರಿ. ಇನ್ನೊಂದು ಮಾತು ಯಂಕೇಶ, ನಾಚಬ್ಯಾಡ. ಮುಂದ ಯಾವುದರ ನೌಕರಿ ಮೆಡಿಕಲ್ಲಿಗೆ ಹೋದಿ ಅಂದ್ರ, ಗುಪ್ತರೋಗದ ಟೆಸ್ಟಿನಾಗ ಐತಿ ಅಂತ ಬರಬಹುದು. ಅದು ಸುಳ್ಳು. ಆ ಟೆಸ್ಟು ಹುಡುಕೂದೂ ಇಂಥದೇ ಒಂದು ಆ್ಯಂಟಿಬಾಡಿ. ನಿಮ್ಮಂಥವರ ರಕ್ತ ಕಂಡು ಅದು ಮೋಸ ಹೋಗ್ತತಿ. ಅದಕ್ಕ ಯಾವಾಗಲೂ ಖಾತ್ರಿ ಟೆಸ್ಟು ಬ್ಯಾರೆ ಮಾಡಿಸ್ಬೇಕು. ಇದು ಗೊತ್ತಿಲ್ಲದ ಎಷ್ಟೋ ಮನಿ ಮುರದಾವ."

ಯಮನೂರನಿಗೆ ತನ್ನ ಎಡಗಾಲು, ಬಲಗಾಲು, ಹೊಟ್ಟೆ, ಎದೆ ಒಂದೊಂದಾಗಿ ತನ್ನ ಕಡೆಗೆ ತಿರುಗಿ ಬರುತ್ತಿರುವಂತೆ ಅನಿಸಿತು.

"ಮೇಡಂ," ಎಂದ. "ಆ ರಕ್ತ ನಂದ್ರಿ."

"ಯಾರು ನೀವು?"

ರೂಢಿಯಿಂದ ಅವನು ಹೆಸರಿಗಾಗಿ ವಿರುಪಣ್ಣನ ಮುಖ ನೋಡಿದ. ವಿರುಪಣ್ಣ ಹಲ್ಲು ಕಚ್ಚಿದ್ದ.

"ತಲಿ ಸರಿ ಇಲ್ರಿ ಅಂವಂದು," ಎಂದ ವಿರುಪಣ್ಣ.

"ಸರಿ ಐತ್ರಿ ಮೇಡಂ," ಎಂದ ಯಂಕೇಶ. "ನಾನ ತಲಿ ಮುಟ್ಟಿದ್ದೆ."

ಶಿಬಿರದ ರಕ್ತದಿಂದ ಹಿಡಿದು ಕತೆ ಪೂರ್ತಿ ಕೇಳಿದ ಡಾಕ್ಟರು ಮೊದಲು ಬೈದರು. ಇವನಿಗೇನೂ ಇಲ್ಲವೆಂದು ಬಂದು, ಆ ಧೈರ್ಯದಲ್ಲಿ ಮಗನ ಗುಳಿಗೆ ನಿಲ್ಲಿಸಿದ್ದರೆ, ಇಂದು ಕಾಲಿನಲ್ಲಿದ್ದ ಗಂಟು ನಾಳೆ ಎದೆಗೆ ಹೋಗುತ್ತಿತ್ತು, ಆಗ ಯಾರ ತಲೆ ಮುಟ್ಟುತ್ತಿದ್ದಿರಿ ಎಂದು ಕೇಳಿದರು. ವಿರುಪಣ್ಣ ಮಾತ್ರ ಅಷ್ಟರಲ್ಲಿ ತನ್ನದೇ ಲೆಕ್ಕಕ್ಕೆ ಬಂದಿದ್ದ.

"ಇದರಾಗ ತಪ್ಪೇನೈತ್ರಿ ಮೇಡಂ? ಹುಡುಗನ ಹೆಸರು ಹೇಳಿ ಕೊಟ್ಟಾನ. ಹುಡುಗನ ಜಡ್ಡು ಇವನ ರಕ್ತದಾಗ ಬಂದೈತಿ. ಅಷ್ಟು ಪ್ರಾಮಾಣಿಕ ಮನಷ್ಯಾ ಇಂವಾ! ಬ್ಯಾರೆ ಯಾರರ ಆಗಿದ್ರ ಪಾಸಾಗಿ ಮೋಸ ಮಾಡ್ತಿದ್ದ."

"ಅಪ್ಪಾ, ಸುಮ್ನಿರು," ಎಂದ ಯಂಕೇಶ.

ಡಾಕ್ಟರು ಯಮನೂರನನ್ನು ಮಂಚದ ಮೇಲೆ ಮಲಗಿಸಿ ಎಡಗಾಲು ಹಿಚುಕಿ ನೋಡಿದರು. ಸ್ಕ್ಯಾನಿಂಗಿಗೆ ಕಳಿಸಿದರು. ಅವನು ತಣ್ಣೀರಿನ ತಪ್ಪೆಂದು ತಿಳಿದಿದ್ದ ಜಗ್ಗುವಿಕೆ ಒಂದು ಹೆಪ್ಪಾಗಿತ್ತು. ಆ ದಿನದಿಂದಲೇ ಗುಳಿಗೆ ಶುರುವಾಯಿತು. ಗುಳಿಗೆ ನುಂಗುತ್ತಿರುವಷ್ಟು ದಿನ ಬಿದ್ದು ಗಾಯ ಮಾಡಿಕೊಳ್ಳಬಾರದು, ಮಾಡಿಕೊಂಡರೆ ರಕ್ತ ನಿಲ್ಲುವುದಿಲ್ಲ. ಹಾಗಾಗಿ ದೀಡ ನಮಸ್ಕಾರ ಬಂದ್.

"ಎಂಟು ವರ್ಷದ ಹಿಂದ ಖಾತ್ರಿ ಟೆಸ್ಟು ಮಾಡಿಸ್ಕೋ ಅಂತ ಹೇಳಿರಲಿಲ್ಲೇನು?" ಎಂದು ಡಾಕ್ಟರು ಕೇಳಿದರು.

"ಹೇಳಿದ್ರರಿ. ಒಂದರಾಗ ಹೆಂಡ್ತಿ ಹೋದ್ಲು. ಇನ್ನೊಂದಕ್ಕ ಏನು ಹೋಗಬೇಕಿತ್ತು?"

ಇಬ್ಬರ ರಕ್ತವನ್ನೂ ಅವರವರ ಹೆಸರಿನಲ್ಲಿ ತೆಗೆಯಿಸಿ ಕಳಿಸಿದರು. ಯಂಕೇಶನದರಲ್ಲೂ ಆ್ಯಂಟಿಬಾಡಿ ಇತ್ತು, ಯಮನೂರನದರಲ್ಲೂ ಇತ್ತು. "ಒಂದ ಜಡ್ಡು ಎರಡು ಕಡಿ ಹೆಂಗಿರ್ತತಿ? ಹೊಲದಂಗ ಪಾಲಾಗೈತೇನು?" ಎಂದು ವಿರುಪಣ್ಣ ಊರೆಲ್ಲ ಕೇಳುತ್ತ ತಿರುಗಿದ. ಕುಷ್ಟಗಿಯ ಹುಡುಗಿ ಮಾತ್ರ, ಈ ಗುಳಿಗೆ ನುಂಗುವವನು ಸೆರೆ ಕುಡಿಯುವಂತಿಲ್ಲ ಎಂಬ ಡಾಕ್ಟರ ಮಾತು ಕಿವಿಗೆ ಬಿದ್ದ ಕೂಡಲೇ ಮದುವೆಗೆ ಒಪ್ಪಿಬಿಟ್ಟಳು.

ಯಮನೂರನ ಹೆಸರಿನಲ್ಲಿ ಇನ್ನೊಂದು ಕಾಗದವೂ ಬಂದಿತ್ತು. ಗುಪ್ತರೋಗದ ಖಾತ್ರಿ ಟೆಸ್ಟು. ಆ ರೋಗ ಒಮ್ಮೆ ಬಂದು ವಾಸಿಯಾಗಿ ಹೋದರೂ ಈ ಟೆಸ್ಟು ಅದನ್ನು ಮರೆಯುವುದಿಲ್ಲವಂತೆ. ಅದರಲ್ಲಿ ಏನೂ ಇಲ್ಲವೆಂದು ಬರೆದಿತ್ತು.

ಅವನು ಎರಡೂ ಕಾಗದ ಹಿಡಿದು ಯಲಬುರ್ಗಾದ ಬಸ್ಸು ಹತ್ತಿದ.

ಖಾನಾವಳಿಯಲ್ಲಿ ಫಕೀರಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನೆರಳು ಬಿದ್ದರೂ ತಲೆ ಎತ್ತಲಿಲ್ಲ.

"ಊಟಕ್ಕ ಬಂದೇನು? ಯಾರ ಹೆಸರಿಲೆ?"

ಸುದ್ದಿ ಅವನಿಗಿಂತ ಮೊದಲಿನ ಬಸ್ಸಿನಲ್ಲೇ ಬಂದಿತ್ತು. ಉಣ್ಣುತ್ತಿದ್ದ ಇಬ್ಬರು ಮುಖ ತಗ್ಗಿಸಿ ನಕ್ಕರು. ಯಮನೂರ ಒಲೆಯ ಎದುರು ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ. ಕಾಗದ ಚಾಚಿದ. ಆಕೆ ಹಿಟ್ಟಿನ ಕೈಯಿಂದ ಮುಟ್ಟದೆ ಬಗ್ಗಿ ನೋಡಿದಳು.

"ಕಾಗದದಾಗ ನಿನ್ನ ಹೆಸರೈತಿ. ಒಪ್ಪೀನಿ. ನಳಿಗ್ಯಾಗಿನ ರಕ್ತ ಯಾರದು?"

"ನಂದು."

"ಯಂಕೇಶನ ಹೆಸರಿನ್ಯಾಗಿದ್ದದ್ದೂ ನಿಂದಂತ. ಹಂಗಾರ ನಿನ್ನ ಹೆಸರಿನ್ಯಾಗಿದ್ದದ್ದು ಮತ್ತ್ಯಾರದೋ ಅಲ್ಲಂತ ನಾ ಹೆಂಗ ನಂಬ್ಲಿ?"

ಯಮನೂರ ತಾನು ನಿರಪರಾಧಿಯೆಂಬುದನ್ನು ಯಾವ ಕೆಲಸದಿಂದ ಕಂಡುಹಿಡಿದನೋ, ಆ ಕೆಲಸವೇ ಅವನ ಪುರಾವೆಯನ್ನು ಹಾಳುಮಾಡಿತ್ತು.

"ಮತ್ತ ಯಾವಾಗ ಚುಚ್ತಾರ?" ಎಂದು ಆಕೆ ಕೇಳಿದಳು.

"ಮೂರು ತಿಂಗಳಿಗೆ. ಆವಾಗೂ ಬಂದ್ರ ಖರೆ. ಬರಲಿಲ್ಲಂದ್ರ ಇದು ಸುಮ್ನ ಬಂದು ಹೋದದ್ದು ಅಂತ."

"ಸುಮ್ನ ಬಂದು ಹೋದದ್ದಾದ್ರ, ಎಂಟು ವರ್ಷದ ಹಿಂದಿಂದಕ್ಕ ಇದು ಕಾರಣ ಅಲ್ಲ ಅಂದಂಗಾತು."

"ಹೂಂ."

"ಇದ್ರ?"

"ಇದ್ರ ನಾ ಛಲೋ ಮನಷ್ಯಾ."

ಫಕೀರಮ್ಮ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು.

"ಹಂಗಾರ ಜಡ್ಡು ಗಟ್ಟಿ ಹಿಡ್ಕೋ. ಆವತ್ತ ನಾ ಬರ್ತೀನಿ. ಸೂಜಿ ಚುಚ್ಚೂದರಿಂದ ಹಿಡಿದು ನನ್ನ ಕಣ್ಣ ಮುಂದ ಆಗ್ಬೇಕು. ಈಗ ಉಂಡು ಹೋಗು. ನಿನ್ನ ಹೆಸರಿಲೇನ ಉಣ್ಣು."

ಯಮನೂರ ಅಂದಿನಿಂದ ತನ್ನ ಕಾಯಿಲೆಯನ್ನು ಸಾಕಿದ. ಬಸುರಿಯರು ನಡೆಯುವಂತೆ ನಡೆದ. ಇಂಥ ಜಡ್ಡಿಗೆ ಇಂಥ ಬೇರು ಎಂದು ಯಾರಾದರೂ ಬಾಯಿ ತೆರೆದರೆ ಕಿವಿ ಮುಚ್ಚಿಕೊಂಡು ಓಡಿದ. ಪಕ್ಕದ ಮನೆಯ ನೂರಜಾನಬಿ ದರ್ಗಾದಿಂದ ಊದಿನ ಬೂದಿ ತಂದು ಹಣೆಗೆ ಹಚ್ಚಲು ಬಂದಾಗ, "ಬ್ಯಾಡಬೇ ಯವ್ವಾ, ಆರಾಮಾಗಿ ಬಿಟ್ರ ನನ್ನ ಬಾಳೇವು ಹೋಗ್ತತಿ," ಎಂದು ಕೈಮುಗಿದ. ಗುಳಿಗೆಯ ಬಗ್ಗೆಯೂ ಅನುಮಾನ ಬಂದು ಡಾಕ್ಟರನ್ನು ಕೇಳಿದ್ದ. ಗುಳಿಗೆ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತದೆ, ಆ್ಯಂಟಿಬಾಡಿಗಳನ್ನು ಅದು ಮುಟ್ಟುವುದಿಲ್ಲ ಎಂದು ಅವರು ಹೇಳಿದ ಮೇಲೆಯೇ ನಂಬಿಕೆಯಿಂದ ನುಂಗತೊಡಗಿದ. ಬೆಳಿಗ್ಗೆ ಎದ್ದಾಗ ಮೈ ಹಗುರವೆನಿಸಿದರೆ ಎದೆ ಧಸಕ್ಕೆನ್ನುತ್ತಿತ್ತು. ಗುಳಿಗೆಯ ಹದ ನೋಡಲು ಆಗಾಗ ರಕ್ತ ಕೊಡುವ ದಿನ ಯಂಕೇಶ ಸಿಗುತ್ತಿದ್ದ.

"ಯಮನೂರಣ್ಣಾ, ಹೆಂಗ ಅದಿ?"

"ದೇವರ ದಯಾ, ಕಾಲು ಇನ್ನೂ ಭಾರ ಐತಿ."

ಯಂಕೇಶನ ಬದಲಿ ಮಾಡಿ ಗಳಿಸಿದ ಹೆಸರಿನಿಂದ ಗಿರಾಕಿಗಳು ಹೆಚ್ಚಾಗಿದ್ದರು. ಗಂಗಾವತಿಯಿಂದ ಒಬ್ಬ ತನ್ನ ಮೂತ್ರಪಿಂಡದ ಹರಳನ್ನು ಇವನ ಹೆಸರಿಗೆ ಮಾಡುವ ಬಗೆ ಹೇಗೆಂದು ವಿ‌ಚಾರಿಸಲು ಬಂದಿದ್ದ. ಯಮನೂರ ಎಲ್ಲರನ್ನೂ ತಿರುಗಿ ಕಳಿಸಿದ. "ಈಗ ನಂದ ಕೆಲಸ ನಡದೈತ್ರಿ," ಎನ್ನುತ್ತಿದ್ದ. ಕೂಲಿಗೆ ಹೋಗಿ ಮೆಣಸಿನಕಾಯಿ ಚೀಲ ಹೊಲೆಯುತ್ತ ಕೂರುತ್ತಿದ್ದ.

ಒಂದು ಶುಕ್ರವಾರ ಹುಲಿಗಿಗೆ ಹೋಗಿ ಗುಡಿಯ ಎದುರು ನಿಂತ. ಎಷ್ಟೋ ಜನರ ಹೆಸರಲ್ಲಿ ಈ ಮೈಯನ್ನು ಕಂಡ ತಾಯಿಗೆ ಇವನು ಯಾರೆಂದು ಗೊತ್ತಾಗುವುದೋ ಇಲ್ಲವೋ ಎಂಬ ಅಳುಕಿತ್ತು. "ಯವ್ವಾ, ಜಡ್ಡು ಇದ್ದಂಗ ಇರಲಿ. ನನ್ನ ಹೆಸರಿಲೆ ಹೊಳಿಯಿಂದ ದೀಡ ನಮಸ್ಕಾರ ಹಾಕಸ್ತೀನಿ," ಎಂದು ಬೇಡಿಕೊಂಡ. ಹಾಕುತ್ತೇನೆ ಎನ್ನಲು ಹೋಗಿ, ಡಾಕ್ಟರ ಮಾತು ನೆನಪಾಗಿ ಹಾಗೆ ಬದಲಿಸಿದ್ದ. ಯಾರ ಕೈಯಿಂದ ಹಾಕಿಸುವುದೆಂದು ಯೋಚಿಸಿರಲಿಲ್ಲ. ಆ ಸೀಮೆಯಲ್ಲಿ ಆ ಕಸುಬಿನವನು ಅವನೊಬ್ಬನೇ.

ಮೂರು ತಿಂಗಳಿಗೆ ಗೊತ್ತುಮಾಡಿದ್ದ ದಿನ ಫಕೀರಮ್ಮ ಬಂದಳು. ಶಫೀಸಾಬನ ಕುರ್ಚಿಗೆ ಮೊಣಕಾಲು ತಾಗುವಷ್ಟು ಹತ್ತಿರ ನಿಂತಳು. ಯಮನೂರ ತೋಳು ಚಾಚಿ, ರೂಢಿಯಂತೆ ತಲೆ ಬಗ್ಗಿಸಿದ.

"ತಲಿ ಮ್ಯಾಲೆತ್ತು," ಎಂದಳು ಫಕೀರಮ್ಮ. "ಯಾರೂ ಮುಟ್ಟಾಂಗಿಲ್ಲ."

ಸೂಜಿ ಇಳಿದಲ್ಲಿಂದ ನಳಿಗೆ ತುಂಬುವ ತನಕ ಆಕೆ ರೆಪ್ಪೆ ಬಡಿಯಲಿಲ್ಲ. ಶಫೀಸಾಬ ಚೀಟಿ ಅಂಟಿಸಿದ.

"ಇದರ ಮ್ಯಾಲ ಏನು ಬರದಿ?"

"ಇವರ ಹೆಸರು ಅಕ್ಕಾ. ನೀವ ಹೇಳ್ರಿ, ಸರಿ ಐತೋ ಇಲ್ಲೋ ನೋಡ್ತೀನಿ."

ಫಕೀರಮ್ಮ ಗಂಡನ ಹೆಸರನ್ನು ಜನ್ಮದಲ್ಲಿ ಬಾಯಿಂದ ಹೇಳಿದವಳಲ್ಲ, ಸಿಟ್ಟಿನಲ್ಲಿ ಸಹ. "ಓದು, ಕೇಳಸ್ಕೋತೀನಿ," ಎಂದಳು. ಶಫೀಸಾಬ ಓದಿದ. ನಳಿಗೆಯನ್ನು ಮಂಜುಗಡ್ಡೆಯ ಪೊಟ್ಟಣವಿದ್ದ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಟೇಪು ಸುತ್ತಿದ.

"ಈಗ ಇದು ಎಲ್ಲಿ ಹೋಗ್ತತಿ?"

"ಮಧ್ಯಾಹ್ನದ ಬಸ್ಸಿಗೆ ಹುಬ್ಬಳ್ಳಿಗೆ. ಕಂಡಕ್ಟರ್ ಕೈಯಾಗ ಕೊಡ್ತೀವಿ. ಅಲ್ಲಿ ಅವರು ಬಂದು ಇಳಿಸ್ಕೋತಾರ."

"ಆ ಕಂಡಕ್ಟರ್ ಯಾರೋ ಏನೋ. ನಾ ಹಿಡ್ಕೊಂಡು ಹೋಗ್ತೀನಿ."

"ಅಕ್ಕಾ, ಹಂಗ ಯಾರೂ ಹೋಗಂಗಿಲ್ಲ."

"ಇಂಥ ಗಂಡಂದಿರು ಎಷ್ಟು ಮಂದಿಗೆ ಅದಾರ?"

ಶಫೀಸಾಬ ಯಮನೂರನ ಮುಖ ನೋಡಿದ. ಯಂಕೇಶನ ಕತೆ ಗೊತ್ತಾದ ದಿನದಿಂದ ಅವನಿಗೂ ಯಾವ ಮುಖದ ಮೇಲೂ ನಂಬಿಕೆ ಉಳಿದಿರಲಿಲ್ಲ. ಹುಬ್ಬಳ್ಳಿಗೆ ಫೋನ್ ಮಾಡಿ ಹೇಳಿ, ಪೆಟ್ಟಿಗೆಯನ್ನು ಆಕೆಯ ಕೈಯಲ್ಲಿಟ್ಟ.

ಬಸ್ ಸ್ಟ್ಯಾಂಡಿನಲ್ಲಿ ಯಮನೂರನೂ ಹತ್ತಲು ಹೋದ. ಫಕೀರಮ್ಮ ಬಾಗಿಲಲ್ಲೇ ತಡೆದಳು.

"ನೀ ಬರಬ್ಯಾಡ. ನೀ ಜೋಡಿಗಿದ್ರ ಒಳಗ ಯಾರು ಅದಾರಂತ ನನಗ ಮತ್ತ ಅನುಮಾನ ಬರ್ತತಿ."

ಬಸ್ಸು ಹೊರಟಿತು. ಕಿಟಕಿಯ ಹತ್ತಿರ ಕೂತ ಫಕೀರಮ್ಮ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿಲು ತಾಗದಂತೆ ಸೆರಗು ಮುಚ್ಚಿದ್ದಳು. ತನ್ನ ರಕ್ತ ಹೆಂಡತಿಯ ತೊಡೆಯ ಮೇಲೆ ಕೂತು ಹುಬ್ಬಳ್ಳಿಗೆ ಹೋಗುತ್ತಿರುವುದನ್ನು ಯಮನೂರ ಬಸ್ ಸ್ಟ್ಯಾಂಡಿನ ಕಂಬ ಹಿಡಿದು ನೋಡಿದ. ಎಂಟು ವರ್ಷದಲ್ಲಿ ಆಕೆಯ ಇಷ್ಟು ಹತ್ತಿರ ಅವನು ಹೋಗಿರಲಿಲ್ಲ. ಹೊಟ್ಟೆಕಿಚ್ಚೂ ಆಯಿತು.

ಮರುದಿನ ಆಕೆ ಇಳಿಯುವಾಗ ಅವನು ಅದೇ ಕಂಬದ ಹತ್ತಿರ ನಿಂತಿದ್ದ.

"ಮುಟ್ತೇನು?"

"ಮುಟ್ತು. ಗದಗಿನಾಗ ಬಸ್ಸು ಭಾಳ ಹೊತ್ತು ನಿಂತು ಪೆಟಗಿ ಬೆಚ್ಚಗಾತು. ಇಳಿದು ಸೋಡಾ ಅಂಗಡ್ಯಾಗ ಬರ್ಫ್ ಇಸ್ಕೊಂಡು ಸುತ್ತಲೂ ಕಟ್ಟಿದೆ." ಮುಖ ಬೇರೆ ಕಡೆ ತಿರುಗಿಸಿ ಅಂದಳು: "ಲ್ಯಾಬಿನಾಗ ಯಾರ ರಕ್ತ ಅಂತ ಕೇಳಿದ್ರು. ಓದಿ ನೋಡ್ರಿ ಅಂದೆ. ಇಲ್ಲ, ನೀವ ಹೇಳ್ಬೇಕು ಅಂದ್ರು."

"ಹೇಳಿದೇನು?"

"ಹೇಳದ ಏನು ಮಾಡ್ಲಿ?"

"ಏನಂತ?"

ಫಕೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಯಲಬುರ್ಗಾದ ಬಸ್ಸು ಹುಡುಕತೊಡಗಿದಳು.

ರಿಪೋರ್ಟಿನ ದಿನ ಡಾಕ್ಟರ್ ವಿಜಯಲಕ್ಷ್ಮಿಯವರ ಎದುರು ಇಬ್ಬರೂ ಕೂತರು. ಡಾಕ್ಟರು ದನಿಯನ್ನು ಮೆತ್ತಗೆ ಮಾಡಿದರು.

"ಕಡಿಮಿ ಆಗಿಲ್ಲ ಯಮನೂರ. ಹಂಗೇ ಐತಿ. ಈಗ ಖಾತ್ರಿ. ಆಯುಷ್ಯಪೂರ್ತಿ ಗುಳಿಗಿ ತಗೋಬೇಕು."

ಯಮನೂರ ಎದ್ದು ನಿಂತ. ಎರಡೂ ಕೈ ಮುಗಿದ. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

"ಇನ್ನೊಮ್ಮಿ ಹೇಳ್ರಿ ಮೇಡಂ. ಈಕಿಗೆ ಕೇಳುವಂಗ."

"ಕೇಳೇತಿ ನನಗ," ಎಂದಳು ಫಕೀರಮ್ಮ. ನೆಲ ನೋಡುತ್ತಿದ್ದಳು. "ಎಂಟು ವರ್ಷದ ಹಿಂದಿಂದೂ ಇದೇ ಏನ್ರಿ ಮೇಡಂ?"

"ಆವಾಗಿನ ರಕ್ತ ಈಗಿಲ್ಲ. ಆದ್ರ ಆ ರೋಗ ಎಂದೂ ಬಂದಿಲ್ಲಂತ ಖಾತ್ರಿ ಟೆಸ್ಟು ಹೇಳೈತಿ. ಇದು ಇದ್ದವರಿಗೆ ಹಂಗ ಸುಳ್ಳು ಬರ್ತತಿ. ನನಗ ಸಂಶೆ ಇಲ್ಲ."

ಫಕೀರಮ್ಮ ಯಾರಿಗೂ ಅಲ್ಲವೆಂಬಂತೆ ಕೇಳಿದಳು:

"ಹಂಗಾರ ಇಷ್ಟು ವರ್ಷ ನಾ ಯಾರ ಮ್ಯಾಲ ಸಿಟ್ಟಾಗಿದ್ದೆ?"

ಡಾಕ್ಟರ ಹತ್ತಿರ ಇದಕ್ಕೆ ಟೆಸ್ಟು ಇರಲಿಲ್ಲ.

ಹೊರಗೆ ಬಂದ ಮೇಲೆ ಯಮನೂರ ಹರಕೆಯ ವಿಷಯ ಹೇಳಿದ. ಹೇಳಿ, ಅದನ್ನು ತೀರಿಸುವವರು ಯಾರೂ ಇಲ್ಲವೆಂದು ಚಿಂತೆ ಮಾಡಿದ. ಫಕೀರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, "ಮಂಗಳವಾರ ಖಾನಾವಳಿ ಬಂದ್ ಇಡ್ತೀನಿ," ಎಂದಳು.

ಮಂಗಳವಾರ ಹೊಳೆಯಲ್ಲಿ ಮುಳುಗಿ ಎದ್ದು, ನೀರು ಸುರಿಯುವ ಸೀರೆಯಲ್ಲಿ ಆಕೆ ಅವನ ಎದುರು ತಲೆ ಬಗ್ಗಿಸಿ ನಿಂತಳು. ಹಿಂದೆ ಮಂದಿ ಕಾಯುತ್ತಿದ್ದರು. ಯಮನೂರ ಆ ಒದ್ದೆ ಕೂದಲ ಮೇಲೆ ಕೈಯಿಟ್ಟ. ಬೈತಲೆಯ ಹತ್ತಿರ ಬಿಳಿ ಕೂದಲು ಬಂದಿದ್ದವು. ಅವು ಬಂದದ್ದು ಅವನಿಗೆ ಗೊತ್ತಿರಲಿಲ್ಲ.

"ಹೆಸರು ಹೇಳು."

ಅವನ ಬಾಯಿಗೆ ಮೊದಲು ಬಂದದ್ದು, "ಯಂಕೇ..."

"ಇಲ್ಲೇ ಬಡದೇನು ನೋಡು."

"ಯಮನೂರ," ಎಂದ ಅವನು. ದನಿ ಸಣ್ಣದಾಗಿ ಬಂತು. ಆಕೆ ಅಲ್ಲಾಡಲಿಲ್ಲ. ಅವನು ಇನ್ನೊಮ್ಮೆ, ಹೊಳೆಯ ಆಚೆ ದಂಡೆಗೆ ಕೇಳುವಂತೆ, "ಯಮನೂರ!" ಎಂದ.

ಫಕೀರಮ್ಮ ನೆಲಕ್ಕೆ ಉದ್ದಕ್ಕೆ ಬಿದ್ದು ಕೈ ಚಾಚಿದಳು. ಅವನು ಕೋಲಿನಿಂದ ಗೆರೆ ಎಳೆದ. ಆಕೆ ಎದ್ದಳು, ಗೆರೆಯ ಮೇಲೆ ನಿಂತಳು, ಬಿದ್ದಳು. ಗುಡಿಯವರೆಗಿನ ದಾರಿ ಎಷ್ಟು ಉದ್ದವಿದೆಯೆಂದು ಯಮನೂರ ಅಂದು ಮೊದಲ ಬಾರಿಗೆ ನಿಂತು ನೋಡಿದ. ನೆಲದ ಹರಳು ಆಕೆಯ ಮೊಣಕೈಗೆ ಚುಚ್ಚುತ್ತಿದ್ದವು. ಮುಂದಿನ ಸಲ ಅವನು ಕೋಲನ್ನು ಒಂದು ಗೇಣು ಮುಂದೆ ಊರಿ, ಬೇರೆ ಕಡೆ ನೋಡುತ್ತ ಗೆರೆ ಎಳೆದ.

ಫಕೀರಮ್ಮ ಎದ್ದಳು. ಗೆರೆ ನೋಡಿದಳು, ತನ್ನ ಬೆರಳಿನ ಗುರುತು ನೋಡಿದಳು. ಒದ್ದೆ ಕಾಲಿನಿಂದ ಗೆರೆಯನ್ನು ಅಳಿಸಿ, ಒಂದು ಗೇಣು ಹಿಂದೆ ಬಂದು ನಿಂತಳು.

"ಬರೋಬರಿ ಎಳಿ," ಎಂದಳು. "ಇದು ನಿನ್ನ ಹೆಸರಿಂದು."